ಕೀಳಡಿಯ ವಯಸ್ಸೆಷ್ಟು? ಮ್ಯೂಸಿಯಂ ಹೇಳುವುದೊಂದು, ಎಎಸ್‌ಐ ಒಪ್ಪುವುದೊಂದು

ಪ್ರಾಚೀನ ಊರೊಂದರ ಅವಶೇಷ ಸಿಕ್ಕ ತಮಿಳುನಾಡಿನ ಕೀಳಡಿ ಪದೇ ಪದೇ ಸುದ್ದಿಗೆ ಬರುತ್ತದೆ. ಬಂದಾಗಲೆಲ್ಲ ಓದುವವರ ಗೊಂದಲ ಹೆಚ್ಚುತ್ತದೆ. 2025ರ ಮೇ ತಿಂಗಳಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಂದರೆ ಎಎಸ್‌ಐ, ಅಲ್ಲಿನ ಅಗೆತದ ಬಗ್ಗೆ ತನ್ನದೇ ಅಧಿಕಾರಿಯೊಬ್ಬರು ಬರೆದ 982 ಪುಟಗಳ ಉತ್ಖನನ ವರದಿಯನ್ನು ತಿದ್ದಿಕೊಡಿ ಎಂದು ವಾಪಸ್ ಕಳಿಸಿತು. ಆ ಅಧಿಕಾರಿ ಕೆ. ಅಮರನಾಥ ರಾಮಕೃಷ್ಣ. ವರದಿಯಲ್ಲಿ ಆ ನೆಲೆಗೆ ಕೊಟ್ಟ ಕಾಲಮಾನ ಬದಲಿಸುವುದಿಲ್ಲ ಎಂದು ಅವರು ಉತ್ತರ ಬರೆದರು. ಜೂನ್‌ನಲ್ಲಿ ಅವರ ವರ್ಗಾವಣೆ ಆಯಿತು. ತಮಿಳುನಾಡಿನಲ್ಲಿ ಪ್ರತಿಭಟನೆ ಶುರುವಾಯಿತು. ವರದಿಗೆ ವೈಜ್ಞಾನಿಕ ಆಧಾರ ಇನ್ನೂ ಬೇಕು ಎಂದು ಕೇಂದ್ರ ಸಂಸ್ಕೃತಿ ಸಚಿವ ಗಜೇಂದ್ರ ಸಿಂಗ್ ಶೆಖಾವತ್ ಹೇಳಿದರು.

ಆದರೆ ಅದೇ ಕೀಳಡಿಯಲ್ಲಿ 2023ರ ಮಾರ್ಚ್‌ನಿಂದ ಒಂದು ದೊಡ್ಡ ಮ್ಯೂಸಿಯಂ ನಡೆಯುತ್ತಿದೆ. ತಮಿಳುನಾಡು ಸರ್ಕಾರ ಸುಮಾರು 18 ಕೋಟಿ ರೂಪಾಯಿ ಖರ್ಚು ಮಾಡಿ, ಚೆಟ್ಟಿನಾಡಿನ ಮನೆಗಳ ಶೈಲಿಯಲ್ಲಿ ಅದನ್ನು ಕಟ್ಟಿಸಿದೆ. ಶಾಲಾ ಮಕ್ಕಳು ಬಸ್ಸುಗಳಲ್ಲಿ ಬಂದು ನೋಡಿ ಹೋಗುತ್ತಾರೆ. ಇಲ್ಲಿನ ನಾಗರಿಕತೆ ಕ್ರಿ.ಪೂ. 6ನೇ ಶತಮಾನದ್ದು ಎಂಬುದು ಅಲ್ಲಿನ ಪ್ರದರ್ಶನದ ಅಡಿಪಾಯ. ಕೇಂದ್ರದ ಇಲಾಖೆ ಇನ್ನೂ ಚರ್ಚೆ ಮಾಡುತ್ತಿದ್ದ ಕಾಲಮಾನ ರಾಜ್ಯದ ಮ್ಯೂಸಿಯಂನ ಗೋಡೆ ಮೇಲೆ ಬಂದದ್ದು ಹೇಗೆ? ಯಾರು ಸರಿ? ಯಾರದ್ದು ಅಧಿಕೃತ? ಗೊಂದಲ ಹುಟ್ಟುವುದು ಇಲ್ಲೇ.

ಒಂದೇ ಊರು, ಎರಡು ಇಲಾಖೆ

ಮೊದಲು ಹಿನ್ನೆಲೆ ನೋಡೋಣ. ಕೀಳಡಿ ಇರುವುದು ಶಿವಗಂಗಾ ಜಿಲ್ಲೆಯಲ್ಲಿ, ಮದುರೈನಿಂದ ಆಗ್ನೇಯಕ್ಕೆ ಸುಮಾರು 12 ಕಿ.ಮೀ. ದೂರದಲ್ಲಿ, ವೈಗೈ ನದಿಯ ಹತ್ತಿರ. ಅಲ್ಲಿ ಮೊದಲು ಅಗೆದವರು ಎಎಸ್‌ಐನ ಬೆಂಗಳೂರು ಉತ್ಖನನ ಶಾಖೆಯವರು. ಈ ಕಥೆಗೆ ಕರ್ನಾಟಕದ ನಂಟು ಇರುವುದು ಹೀಗೆ. ರಾಮಕೃಷ್ಣ ಅವರ ತಂಡ ಮೊದಲು ವೈಗೈ ದಡದುದ್ದಕ್ಕೂ ಸರ್ವೆ ಮಾಡಿ 293 ನೆಲೆಗಳನ್ನು ಗುರುತಿಸಿತು. ಆಮೇಲೆ ಕೀಳಡಿಯನ್ನು ಆರಿಸಿಕೊಂಡು 2014-15 ಮತ್ತು 2015-16ರಲ್ಲಿ ಎರಡು ಹಂತ ಅಗೆಯಿತು. ಇಟ್ಟಿಗೆ ಗೋಡೆಗಳು, ನೀರು ಹರಿಯುವ ಕಾಲುವೆಗಳು, ಸುಟ್ಟ ಮಣ್ಣಿನ ಬಳೆ ಜೋಡಿಸಿದ ಬಾವಿಗಳು, ಸಾವಿರಾರು ವಸ್ತುಗಳು ಸಿಕ್ಕವು. ತಮಿಳುನಾಡಿನಲ್ಲಿ ಅಲ್ಲಿಯವರೆಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಸಮಾಧಿಗಳು. ಇದು ಜನ ಬದುಕಿದ್ದ ಊರು. ಎಲ್ಲರ ಕಣ್ಣು ಅರಳಿದ್ದು ಅದಕ್ಕೇ.

ಜಗಳದ ಮೊದಲ ಕಿಡಿ ಹೊತ್ತಿದ್ದು ಕಾಲಮಾನದ ಮೇಲಲ್ಲ, ವಸ್ತುಗಳ ಮೇಲೆ. ಅಗೆದವರು ಬೆಂಗಳೂರು ಶಾಖೆಯವರಾದ್ದರಿಂದ ಸಿಕ್ಕ ವಸ್ತುಗಳನ್ನು ಕರ್ನಾಟಕಕ್ಕೆ ಸಾಗಿಸುತ್ತಾರೆ ಎಂಬ ಸುದ್ದಿ 2016ರಲ್ಲಿ ಹಬ್ಬಿತು. ಅದು ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠದ ಮೆಟ್ಟಿಲೇರಿತು. ವಸ್ತುಗಳು ಸಿಕ್ಕ ಊರಲ್ಲೇ ಇರಬೇಕು, ಅಲ್ಲೇ ಮ್ಯೂಸಿಯಂ ಆಗಬೇಕು ಎಂಬ ಬೇಡಿಕೆ ಗಟ್ಟಿಯಾಯಿತು. ಇಂದಿನ ಮ್ಯೂಸಿಯಂನ ಬೇರು ಇರುವುದು ಆ ಭಯದಲ್ಲಿ. ಮೈಸೂರಿನ ಎಎಸ್‌ಐ ಶಾಸನ ವಿಭಾಗದಲ್ಲಿದ್ದ ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಕಳಿಸಿ ಎಂದು ಅದೇ ಪೀಠ 2021ರಲ್ಲಿ ಹೇಳಿದ್ದು ಕೂಡ ಇದೇ ಬಗೆಯ ಆತಂಕದಿಂದ ಹುಟ್ಟಿದ ಪ್ರಕರಣದಲ್ಲಿ.

2017ರಲ್ಲಿ ರಾಮಕೃಷ್ಣ ಅವರನ್ನು ಅಸ್ಸಾಂಗೆ ವರ್ಗ ಮಾಡಲಾಯಿತು. ಮೂರನೇ ಹಂತವನ್ನು ಬೇರೆ ಅಧಿಕಾರಿ ನಡೆಸಿದರು. ಇಟ್ಟಿಗೆ ಕಟ್ಟಡಗಳು ಮುಂದುವರಿದ ಗುರುತು ಸಿಗಲಿಲ್ಲ ಎಂದು ಅವರು ಹೇಳಿದರು. ಅಲ್ಲಿಗೆ ಎಎಸ್‌ಐ ಹಿಂದೆ ಸರಿಯಿತು. 2017-18ರ ನಾಲ್ಕನೇ ಹಂತದಿಂದ ಅಗೆತ ತಮಿಳುನಾಡು ರಾಜ್ಯ ಪುರಾತತ್ವ ಇಲಾಖೆಯ ಕೈಗೆ ಬಂತು.

ಹೀಗಾಗಿ ಒಂದೇ ನೆಲದ ಬಗ್ಗೆ ಎರಡು ಬೇರೆ ಬೇರೆ ದಾಖಲೆಗಳಿವೆ. ರಾಜ್ಯ ಇಲಾಖೆ ತನ್ನ ನಾಲ್ಕನೇ ಹಂತದ ವರದಿಯನ್ನು 2019ರಲ್ಲೇ ಪ್ರಕಟಿಸಿತು. ಮ್ಯೂಸಿಯಂ ನಿಂತಿರುವುದು ಅದರ ಮೇಲೆ. ಎಎಸ್‌ಐನ ಮೊದಲ ಎರಡು ಹಂತಗಳ ವರದಿ ದಿಲ್ಲಿಗೆ ಸಲ್ಲಿಕೆಯಾದದ್ದು 2023ರ ಜನವರಿಯಲ್ಲಿ. ಅದು ಎರಡು ವರ್ಷಕ್ಕೂ ಜಾಸ್ತಿ ಕಾಲ ಕಡತದಲ್ಲೇ ಇದ್ದು, ಆಮೇಲೆ ತಿದ್ದುಪಡಿಗೆ ವಾಪಸಾಯಿತು. ಸುದ್ದಿಯಲ್ಲಿ ಬರುವ 'ಕೀಳಡಿ ವರದಿ' ಇದು, ರಾಜ್ಯ ಇಲಾಖೆಯದಲ್ಲ. ಎರಡನ್ನೂ ಒಂದೇ ಎಂದುಕೊಂಡರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಇದ್ದಲಿನ ತುಂಡು ಏನು ಹೇಳುತ್ತದೆ

ಜಗಳ ಇರುವುದು ಕಾಲದ ಮೇಲೆ. ಎಎಸ್‌ಐ ಕೀಳಡಿಯಿಂದ ಮೊದಲು ಪ್ರಯೋಗಾಲಯಕ್ಕೆ ಕಳಿಸಿದ ಎರಡು ಇದ್ದಲಿನ ಮಾದರಿಗಳು ಸುಮಾರು 2,200 ವರ್ಷ ಹಳೆಯವು ಎಂದು ಬಂತು. ರಾಜ್ಯ ಇಲಾಖೆ ನಾಲ್ಕನೇ ಹಂತದಲ್ಲಿ 353 ಸೆಂಟಿಮೀಟರ್ ಆಳದಲ್ಲಿ ಸಿಕ್ಕ ಇನ್ನೊಂದು ಇದ್ದಲನ್ನು ಕಳಿಸಿದಾಗ ಕ್ರಿ.ಪೂ. 580 ಎಂದು ಬಂತು. ರಾಮಕೃಷ್ಣ ಅವರ ವರದಿ ಇನ್ನೂ ಹಿಂದೆ ಹೋಗುತ್ತದೆ. ಅತಿ ಹಳೆಯ ಹಂತ ಕ್ರಿ.ಪೂ. 8ರಿಂದ 5ನೇ ಶತಮಾನ, ನಗರ ಅರಳಿದ ಹಂತ ಕ್ರಿ.ಪೂ. 5ರಿಂದ 1ನೇ ಶತಮಾನ, ಕೊನೆಯದು ಕ್ರಿ.ಶ. 3ನೇ ಶತಮಾನದವರೆಗೆ ಎಂದು ಅದು ಮೂರು ಭಾಗ ಮಾಡುತ್ತದೆ. ಈ ಮೊದಲ ಭಾಗವನ್ನು ಎಎಸ್‌ಐ ಒಪ್ಪಲಿಲ್ಲ. ಹೆಚ್ಚೆಂದರೆ ಕ್ರಿ.ಪೂ. 300ಕ್ಕಿಂತ ಸ್ವಲ್ಪ ಹಿಂದೆ ಅನ್ನಬಹುದು ಎಂಬುದು ಅದರ ನಿಲುವು.

ಇಷ್ಟೊಂದು ವ್ಯತ್ಯಾಸ ಹೇಗೆ ಸಾಧ್ಯ? ಗಿಡಮರಗಳು ಬದುಕಿರುವಾಗ ಗಾಳಿಯಿಂದ ಕಾರ್ಬನ್-14 ಹೀರಿಕೊಳ್ಳುತ್ತವೆ. ಸತ್ತ ಮೇಲೆ ಅದು ನಿಧಾನವಾಗಿ ಕರಗುತ್ತದೆ, 5,730 ವರ್ಷಕ್ಕೆ ಅರ್ಧದಷ್ಟು. ಉಳಿದದ್ದನ್ನು ಅಳೆದರೆ ವಯಸ್ಸು ಗೊತ್ತಾಗುತ್ತದೆ. ಆದರೆ ಗಾಳಿಯಲ್ಲಿ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಅದಕ್ಕೆ ಹಳೆಯ ಮರಗಳ ಬೆಳವಣಿಗೆಯ ಉಂಗುರಗಳನ್ನು ನೋಡಿ ಲೆಕ್ಕ ಸರಿಪಡಿಸುತ್ತಾರೆ. ಹಾಗೆ ಸರಿಪಡಿಸುವ ರೇಖೆ ಕ್ರಿ.ಪೂ. 800ರಿಂದ 400ರವರೆಗೆ ಹೆಚ್ಚುಕಡಿಮೆ ಸಪಾಟಾಗಿದೆ. ಅಂದರೆ ಕ್ರಿ.ಪೂ. 700ರಲ್ಲಿ ಕಡಿದ ಮರವೂ 450ರಲ್ಲಿ ಕಡಿದ ಮರವೂ ಯಂತ್ರದಲ್ಲಿ ಸುಮಾರು ಒಂದೇ ಓದು ಕೊಡುತ್ತವೆ. ಪ್ರಪಂಚದ ಎಲ್ಲ ಪುರಾತತ್ವಜ್ಞರಿಗೂ ತಲೆನೋವು ಕೊಡುವ ಕಾಲಘಟ್ಟ ಇದು. ಕೀಳಡಿಯ ಜಗಳ ಕೂತಿರುವುದು ನೇರ ಇದರ ಮಧ್ಯದಲ್ಲಿ.

ಹಾಗಾಗಿ 'ಕ್ರಿ.ಪೂ. 580' ಎಂಬ ಒಂದೇ ಇಸವಿ ನೆನಪಿಡಲು ಸುಲಭ, ಆದರೆ ಪ್ರಯೋಗಾಲಯ ನಿಜವಾಗಿ ಕೊಡಬಲ್ಲದ್ದು ಒಂದು ವ್ಯಾಪ್ತಿ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಇದ್ದಲು ದೊಡ್ಡ ಮರದ ತಿರುಳಿನದಾದರೆ ಆ ಒಲೆ ಹೊತ್ತಿಸಿದ ದಿನಕ್ಕಿಂತ ನೂರಾರು ವರ್ಷ ಹಳೆಯ ವಯಸ್ಸು ತೋರಿಸಬಹುದು. ಒಂದೇ ಬೆಳೆಯಲ್ಲಿ ಮುಗಿಯುವ ಭತ್ತದ ಕಾಳಿನಂಥದ್ದು ಸಿಕ್ಕರೆ ಈ ಸಮಸ್ಯೆ ಇರುವುದಿಲ್ಲ.

ಈ ಗೋಜಲಿನಿಂದ ಹೊರಬರಲು ದಾರಿ ಇದೆ. ಮಣ್ಣಿನ ಪದರಗಳು ಮನೆಯಲ್ಲಿ ಪೇರಿಸಿಟ್ಟ ಹಳೆ ಪೇಪರ್ ರಾಶಿಯ ಹಾಗೆ. ತಾರೀಖು ಅಳಿಸಿಹೋಗಿದ್ದರೂ ಅಡಿಯದ್ದು ಹಳೆಯದು, ಮೇಲಿನದು ಹೊಸದು ಎಂದು ಗೊತ್ತಿರುತ್ತದೆ. ಒಂದರ ಮೇಲೊಂದು ಪದರಗಳಿಂದ ಹಲವು ಮಾದರಿ ತೆಗೆದು ಒಟ್ಟಿಗೆ ಲೆಕ್ಕ ಹಾಕಿದರೆ ಅಗಲವಾದ ವ್ಯಾಪ್ತಿ ಕಿರಿದಾಗುತ್ತದೆ. ಅದಕ್ಕೆ ಪ್ರತಿ ಮಾದರಿ ಯಾವ ಪದರದ್ದು ಎಂದು ಗೊತ್ತಿರಬೇಕು. ಆಳ ಎಷ್ಟು ಎಂದಷ್ಟೇ ಹೇಳಿದರೆ ಸಾಲದು. ಯಾಕೆಂದರೆ ಹಿಂದಿನವರೇ ಗುಂಡಿ ತೋಡಿದ್ದರೆ ಹೊಸ ವಸ್ತುವೂ ಆಳಕ್ಕೆ ಇಳಿದಿರುತ್ತದೆ. ಮಾದರಿಗಳ ಆಳದ ಜೊತೆ ಪದರದ ಸಂಖ್ಯೆಯನ್ನೂ ಕೊಡಿ ಎಂದು ಎಎಸ್‌ಐ ಕೇಳಿದ್ದು ತಾಂತ್ರಿಕವಾಗಿ ಸರಿಯಾದ ಪ್ರಶ್ನೆ. ಕೇಳಿದವರು ದಿಲ್ಲಿಯವರು ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದು.

ಮುನ್ನೂರು ವರ್ಷಕ್ಕೆ ಇಷ್ಟು ಗಲಾಟೆ ಯಾಕೆ

ಯಾಕೆಂದರೆ ಆ ಮುನ್ನೂರು ವರ್ಷದ ನಡುವೆ ಅಶೋಕ ಇದ್ದಾನೆ. ಭಾರತದಲ್ಲಿ ಓದಿ ಅರ್ಥ ಮಾಡಿಕೊಳ್ಳಬಹುದಾದ, ಕಾಲ ಖಚಿತವಿರುವ ಹಳೆಯ ಬರಹಗಳು ಅಂದರೆ ಕ್ರಿ.ಪೂ. 3ನೇ ಶತಮಾನದ ಅವನ ಶಾಸನಗಳು. ನಮ್ಮ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮಸ್ಕಿಗಳಲ್ಲಿ ಇರುವಂಥವು. ನಗರ, ವ್ಯಾಪಾರ, ಬರಹ ಎಲ್ಲ ಗಂಗಾ ಬಯಲಿನಲ್ಲಿ ಬೆಳೆದು ಮೌರ್ಯರ ಕಾಲದಲ್ಲಿ ದಕ್ಷಿಣಕ್ಕೆ ಬಂದವು ಎಂಬ ತಿಳಿವಳಿಕೆ ಬಹಳ ಕಾಲದಿಂದ ಇದೆ. ಪಠ್ಯಪುಸ್ತಕಗಳಲ್ಲಿ ಓದಿದ್ದೂ ಅದನ್ನೇ ಅಲ್ವಾ?

ಕೀಳಡಿಯ ನಾಲ್ಕನೇ ಹಂತದಲ್ಲಿ ತಮಿಳು ಬ್ರಾಹ್ಮಿ, ಅಂದರೆ ತಮಿಳು ಬರೆಯಲು ಬಳಸಿದ ಬ್ರಾಹ್ಮಿ ಲಿಪಿಯ, ಅಕ್ಷರಗಳಿರುವ 56 ಮಡಕೆ ಚೂರುಗಳು ಸಿಕ್ಕಿವೆ. ಒಂದರ ಮೇಲೆ 'ಆದನ್', ಇನ್ನೊಂದರ ಮೇಲೆ 'ಕುವಿರನ್ ಆದನ್'. ಅಕ್ಷರಗಳನ್ನು ಹೆಚ್ಚಾಗಿ ಮಡಕೆಯ ಹೆಗಲಿನ ಭಾಗದಲ್ಲಿ ಗೀಚಲಾಗಿದೆ. ಕೈಬರಹ ಒಂದೇ ಥರ ಇಲ್ಲ. ಹಾಗಾಗಿ ಬರೆದವರು ಕುಂಬಾರರು ಮಾತ್ರ ಅಲ್ಲ, ಮಡಕೆ ಕೊಂಡವರೂ ತಮ್ಮ ಹೆಸರು ಬರೆದುಕೊಂಡಿದ್ದಾರೆ ಎಂದು ರಾಜ್ಯ ಇಲಾಖೆ ವಾದಿಸುತ್ತದೆ. ರಾಜಾಜ್ಞೆ ಇಲ್ಲ, ದಾನಶಾಸನ ಇಲ್ಲ. ಸಾಮಾನ್ಯ ಜನ ತಮ್ಮ ಅಡುಗೆಮನೆಯ ಪಾತ್ರೆಗೆ ಹೆಸರು ಹಾಕಿದ್ದಾರೆ. ನನ್ನ ಮಟ್ಟಿಗೆ ಕೀಳಡಿಯ ಅತ್ಯಂತ ಬೆಲೆಬಾಳುವ ವಿಷಯ ಇದೇ. ಕಾಲ ಯಾವುದೇ ಆಗಲಿ ಇದರ ಬೆಲೆ ಕಡಿಮೆಯಾಗುವುದಿಲ್ಲ.

ಆದರೆ ರಾಜಕೀಯದ ಬೆಲೆ ಇರುವುದು ಕಾಲಕ್ಕೆ. ಈ ಚೂರುಗಳು ಕ್ರಿ.ಪೂ. 6ನೇ ಶತಮಾನದವಾದರೆ ದಕ್ಷಿಣದಲ್ಲಿ ಬರಹ ಅಶೋಕನಿಗಿಂತ ಮೊದಲೇ ಇತ್ತು ಎಂದಾಗುತ್ತದೆ. ಕ್ರಿ.ಪೂ. 3ನೇ ಶತಮಾನದವಾದರೆ ಹಳೆಯ ತಿಳಿವಳಿಕೆ ಉಳಿಯುತ್ತದೆ. ಈ ಚರ್ಚೆ ಕೀಳಡಿಯಿಂದ ಶುರುವಾದದ್ದೂ ಅಲ್ಲ. ಶ್ರೀಲಂಕಾದ ಅನುರಾಧಪುರದಲ್ಲಿ ಸಿಕ್ಕ ಬ್ರಾಹ್ಮಿ ಚೂರುಗಳು, ತಮಿಳುನಾಡಿನ ಕೊಡುಮಣಲ್ ಮತ್ತು ಪೊರುಂದಲ್‌ನ ಚೂರುಗಳ ಬಗ್ಗೆಯೂ ಇದೇ ವಾದ ಹಿಂದೆ ನಡೆದಿದೆ. ಇನ್ನೊಂದು ಕಡೆ, ತಮಿಳು ಬ್ರಾಹ್ಮಿ ಅಶೋಕನ ಬ್ರಾಹ್ಮಿಯಿಂದಲೇ ಬಂದದ್ದು ಎಂದು ಐರಾವತಂ ಮಹಾದೇವನ್ ಅವರಂಥ ದೊಡ್ಡ ವಿದ್ವಾಂಸರು ಹೇಳಿದ್ದರು. ಅವರು ತಮಿಳು ದ್ವೇಷಿಯೂ ಅಲ್ಲ, ಕೇಂದ್ರದ ವಕ್ತಾರರೂ ಅಲ್ಲ. ಸಿಂಧೂ ಲಿಪಿಯ ಹಿಂದೆ ದ್ರಾವಿಡ ಭಾಷೆ ಇದೆ ಎಂದು ವಾದಿಸುತ್ತಾ ಬಂದವರೇ ಅವರು.

ಇಲ್ಲಿ ವಿದ್ವಾಂಸರು ಎತ್ತುವ ಪ್ರಶ್ನೆ ತುಂಬಾ ಸರಳ. ಕ್ರಿ.ಪೂ. 580 ಎಂದು ಬಂದದ್ದು ಇದ್ದಲಿಗೆ. ಅಕ್ಷರ ಇರುವುದು ಚೂರಿನ ಮೇಲೆ. ಇವೆರಡೂ ಒಂದೇ ಪದರದಲ್ಲಿ, ಆಮೇಲೆ ಯಾರೂ ಕೆದಕದ ಜಾಗದಲ್ಲಿ ಸಿಕ್ಕಿವೆಯೇ?

ಯಾರ ಅಧಿಕಾರ ಎಲ್ಲಿಯವರೆಗೆ

ಕೇಂದ್ರ ಒಪ್ಪದಿದ್ದರೆ ರಾಜ್ಯ ಮ್ಯೂಸಿಯಂ ತೆರೆಯಬಹುದೇ ಎಂದು ಅನೇಕರು ಕೇಳುತ್ತಾರೆ. ತೆರೆಯಬಹುದು. ಸಂವಿಧಾನದ ಏಳನೇ ಅನುಸೂಚಿ ಈ ವಿಷಯವನ್ನು ಮೂರು ಪಾಲು ಮಾಡಿದೆ. ರಾಷ್ಟ್ರೀಯ ಮಹತ್ವದ್ದು ಎಂದು ಘೋಷಿಸಿದ ಸ್ಮಾರಕ, ನೆಲೆಗಳು ಕೇಂದ್ರದ ಪಟ್ಟಿಯಲ್ಲಿವೆ. ರಾಜ್ಯ ನಡೆಸುವ ಮ್ಯೂಸಿಯಂಗಳು ರಾಜ್ಯದ ಪಟ್ಟಿಯಲ್ಲಿವೆ. ಹಾಗೆ ಘೋಷಣೆಯಾಗದ ಪುರಾತತ್ವ ನೆಲೆಗಳು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಆದರೂ ಅಗೆಯಬೇಕಾದರೆ ರಾಜ್ಯವು ಪ್ರಾಚೀನ ಸ್ಮಾರಕ ಮತ್ತು ಪುರಾತತ್ವ ನೆಲೆಗಳ ಕುರಿತ 1958ರ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಪಡೆಯಬೇಕು.

ಪರಿಣಾಮ ಏನೆಂದರೆ, ಅಗೆಯಲು ಅನುಮತಿ ಕೊಡುವುದು ದಿಲ್ಲಿ, ಸಿಕ್ಕಿದ್ದನ್ನು ತೋರಿಸುವುದು ಚೆನ್ನೈ. ಗಾಜಿನ ಪೆಟ್ಟಿಗೆಯ ಕೆಳಗಿನ ಫಲಕದಲ್ಲಿ ಏನು ಬರೆಯಬೇಕು ಎಂದು ತೀರ್ಮಾನಿಸುವ ಮೂರನೆಯ, ಇಬ್ಬರೂ ಒಪ್ಪುವ ಸಂಸ್ಥೆ ಇಲ್ಲ. ಇಬ್ಬರ ನಡುವೆ ವಿಶ್ವಾಸ ಇರುವಾಗ ಇದು ಸಮಸ್ಯೆ ಆಗುವುದಿಲ್ಲ. ವಿಶ್ವಾಸ ಹೋದಾಗ ಫಲಕವೇ ರಾಜಕೀಯ ಹೇಳಿಕೆ ಆಗಿಬಿಡುತ್ತದೆ.

ಎರಡೂ ಕಡೆಯ ಮಾತು

ತಮಿಳುನಾಡಿನ ವಾದ ಹೀಗಿದೆ. ಉತ್ತರದಲ್ಲಿ ಏನಾದರೂ ಸಿಕ್ಕರೆ ತಕ್ಷಣ ಒಪ್ಪುತ್ತೀರಿ, ದಕ್ಷಿಣದಲ್ಲಿ ಸಿಕ್ಕರೆ ಮಾತ್ರ ಸಾಕ್ಷಿ ಸಾಲದು ಅನ್ನುತ್ತೀರಿ. ಅಗೆದ ಅಧಿಕಾರಿಯನ್ನು ಅರ್ಧದಲ್ಲಿ ಎತ್ತಂಗಡಿ ಮಾಡಿದ್ದು, ವರದಿಯನ್ನು ಎರಡು ವರ್ಷ ಇಟ್ಟುಕೊಂಡದ್ದು, ಒಂಬತ್ತು ತಿಂಗಳಲ್ಲಿ ಪ್ರಕಟಿಸುವುದಾಗಿ 2024ರಲ್ಲಿ ಹೈಕೋರ್ಟ್‌ಗೆ ಹೇಳಿಯೂ ಪ್ರಕಟಿಸದೆ ವಾಪಸ್ ಕಳಿಸಿದ್ದು, ಇವೆಲ್ಲ ಸುಮ್ನೆ ಆದದ್ದಲ್ಲ ಎಂಬುದು ಅವರ ಅನುಮಾನ. ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಅನುಮಾನ ಯಾಕೆ ಬಂತು ಎಂದು ಅರ್ಥವಾಗುತ್ತದೆ.

ಎಎಸ್‌ಐ ವಾದವೂ ಇದೆ. ಯಾವ ವರದಿಯನ್ನಾದರೂ ತಜ್ಞರಿಗೆ ತೋರಿಸಿ, ಅವರ ಸಲಹೆ ಪಡೆದೇ ಪ್ರಕಟಿಸುವುದು ರೂಢಿ. ಇಬ್ಬರು ತಜ್ಞರು ನೋಡಿ ತಿದ್ದುಪಡಿ ಸೂಚಿಸಿದ್ದಾರೆ. ಇದರಲ್ಲಿ ವಿಶೇಷವೇನೂ ಇಲ್ಲ ಎಂದು ಅದು ಹೇಳುತ್ತದೆ.

ನನಗೆ ಈ ಎರಡನೇ ವಾದದ ಅರ್ಧ ಒಪ್ಪಿಗೆ. ಸಲಹೆ ಸರಿ ಇರಬಹುದು. ಆದರೆ ತಜ್ಞರ ಸಲಹೆ ಎಂಬುದು ಪ್ರಕಟಣೆಯನ್ನು ಗಟ್ಟಿ ಮಾಡಬೇಕು, ತಡೆಯಬಾರದು. ಅಗೆದವರ ತೀರ್ಮಾನವನ್ನು ಅವರ ಹೆಸರಲ್ಲಿ ಅಚ್ಚು ಹಾಕಿ, ಪಕ್ಕದಲ್ಲೇ ತಜ್ಞರ ತಕರಾರನ್ನೂ ಹಾಕಬಹುದಿತ್ತು. ವರದಿ ಪ್ರಕಟಿಸಲು ಎಎಸ್‌ಐ ತಡ ಮಾಡುವುದು ಹಳೆಯ ಕಾಯಿಲೆ ಎಂಬುದನ್ನೂ ಇಲ್ಲಿ ಹೇಳಬೇಕು. ರಾಜಸ್ಥಾನದ ಕಾಲಿಬಂಗನ್‌ನಲ್ಲಿ 1960ರ ದಶಕದಲ್ಲಿ ಅಗೆದದ್ದರ ಮೊದಲ ಸಂಪುಟ ಬಂದದ್ದು 2003ರಲ್ಲಿ. ನಮ್ಮ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರಿರುವ ಶಿಲ್ಪ ಸಿಕ್ಕ ಅಗೆತ ಶುರುವಾದದ್ದು 1990ರ ದಶಕದಲ್ಲಿ, ವರದಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಕೂಡ ಈ ಬಾಕಿಯನ್ನು ಎತ್ತಿ ತೋರಿಸಿದೆ. ಅಂದರೆ ಕೀಳಡಿಯ ತಡವೆಲ್ಲ ಸಂಚೇ ಆಗಿರಬೇಕಿಲ್ಲ. ಆದರೆ ಹಳೆಯ ಕಾಯಿಲೆ ಎಂಬುದು ಸಮರ್ಥನೆಯೂ ಆಗುವುದಿಲ್ಲ.

ಮ್ಯೂಸಿಯಂನ ಹೊಣೆ

ಇನ್ನು ಮ್ಯೂಸಿಯಂ. ಅದು ಚೆನ್ನಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಬೇಸಾಯ, ನೀರು, ನೇಯ್ಗೆ, ಮಡಕೆ, ಕಡಲ ವ್ಯಾಪಾರ, ಆಟ ಹೀಗೆ ಬದುಕಿನ ಒಂದೊಂದು ಮುಖಕ್ಕೂ ಜಾಗ ಕೊಟ್ಟಿದ್ದಾರೆ. ನೂಲುವ ತಕಲಿಯ ಬಿಲ್ಲೆ, ದಂತದ ದಾಳ, ಮಣ್ಣಿನ ಆಟದ ಕಾಯಿ, ಕೆಂಪು ಕಲ್ಲಿನ ಮಣಿ. ರಾಜರ ಕತ್ತಿ, ಕಿರೀಟಗಳ ಮ್ಯೂಸಿಯಂ ನೋಡಿ ಬೇಸತ್ತವರಿಗೆ ಇದು ಬೇರೆಯೇ ಅನುಭವ. ಪ್ರಾದೇಶಿಕ ಇತಿಹಾಸವನ್ನು ಆ ಪ್ರದೇಶದಲ್ಲೇ, ಆ ಜನರ ಭಾಷೆಯಲ್ಲೇ ತೋರಿಸುವುದು ಹೀಗೇ ಇರಬೇಕು.

ಸಮಸ್ಯೆ ಬರುವುದು ವಸ್ತುಗಳಿಂದ ತೀರ್ಮಾನಕ್ಕೆ ಜಿಗಿಯುವಾಗ. ಕೀಳಡಿಯ ಮಡಕೆಗಳ ಮೇಲಿನ ಗೀಚು ಗುರುತುಗಳಿಗೂ ಸಿಂಧೂ ಚಿಹ್ನೆಗಳಿಗೂ ಹೋಲಿಕೆ ಇದೆ ಎಂದು ರಾಜ್ಯ ಇಲಾಖೆ ಹೇಳುತ್ತದೆ. ಸಿಂಧೂ ಲಿಪಿ ಓದಿದವರಿಗೆ 10 ಲಕ್ಷ ಡಾಲರ್ ಬಹುಮಾನ ಎಂದು ಮುಖ್ಯಮಂತ್ರಿ ಸ್ಟಾಲಿನ್ 2025ರ ಜನವರಿಯಲ್ಲಿ ಘೋಷಿಸಿದರು. ಅದೇ ತಿಂಗಳು ತಮಿಳುನಾಡಿನ ಇನ್ನೊಂದು ಉತ್ಖನನ ನೆಲೆಯಾದ ಶಿವಗಳೈನಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 3345ರಷ್ಟು ಹಿಂದಿನದು ಎಂಬ ವರದಿಯನ್ನೂ ಬಿಡುಗಡೆ ಮಾಡಿದರು. ಹೋಲಿಕೆ ಇದ್ದ ಮಾತ್ರಕ್ಕೆ ಭಾಷೆ ಒಂದೇ ಆಗುವುದಿಲ್ಲ. ಕೆಲವು ಮಾದರಿಗಳ ಮೇಲೆ ಪ್ರಪಂಚದ ಕಬ್ಬಿಣ ಯುಗದ ಲೆಕ್ಕವೇ ಬದಲಾಗುವುದೂ ಇಲ್ಲ. ಬೇರೆ ಪ್ರಯೋಗಾಲಯಗಳು, ಬೇರೆ ನೆಲೆಗಳು ಅದನ್ನೇ ಹೇಳಬೇಕು. ಹಾಗೆ ಹೇಳುವವರೆಗೆ ಮ್ಯೂಸಿಯಂ 'ಇದು ಒಂದು ಅಭಿಪ್ರಾಯ, ಇದಕ್ಕೆ ತಕರಾರು ಇದು' ಎಂದು ಎರಡನ್ನೂ ಬರೆದರೆ ಮರ್ಯಾದೆ ಕಡಿಮೆಯಾಗುವುದಿಲ್ಲ. ಎಂಟನೇ ಕ್ಲಾಸಿನ ಹುಡುಗಿಗೆ ಕಾರ್ಬನ್ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂದು ಒಂದು ಗೋಡೆಯಲ್ಲಿ ತೋರಿಸಿದರೆ ಅವಳು 580 ಎಂಬ ಸಂಖ್ಯೆಗಿಂತ ದೊಡ್ಡದನ್ನು ಮನೆಗೆ ಒಯ್ಯುತ್ತಾಳೆ.

ಬ್ರಹ್ಮಗಿರಿಯಲ್ಲಿ ಆದದ್ದು

ಕಾಲಮಾನ ತಪ್ಪಾಗುವುದು ಹೊಸದಲ್ಲ. ಎಎಸ್‌ಐ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ಅಲ್ಲಿನ ಬೃಹತ್ ಶಿಲಾ ಸಮಾಧಿಗಳ ಸಂಸ್ಕೃತಿ ಕ್ರಿ.ಪೂ. 2ನೇ ಶತಮಾನದಲ್ಲಿ ಶುರುವಾಗಿ ಕ್ರಿ.ಶ. 1ನೇ ಶತಮಾನದ ಹೊತ್ತಿಗೆ ಮುಗಿಯಿತು ಎಂದರು. ಆಗ ಕಾರ್ಬನ್ ಪರೀಕ್ಷೆ ಇರಲಿಲ್ಲ. 1965ರಲ್ಲಿ ಎಂ.ಎಸ್. ನಾಗರಾಜ ರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣ ಸಿಕ್ಕ ಪದರದ ಇದ್ದಲು ಸುಮಾರು ಕ್ರಿ.ಪೂ. 1000 ಎಂದು ಬಂತು. ದಕ್ಷಿಣದ ಕಬ್ಬಿಣ ಯುಗ ಒಂದೇ ಏಟಿಗೆ ಎಂಟುನೂರು ವರ್ಷ ಹಿಂದೆ ಹೋಯಿತು.

ವೀಲರ್ ಹೇಳಿದ ಕಾಲ ತಪ್ಪಾಗಿತ್ತು. ಆದರೆ ಅವರ ವರದಿ ತಡವಿಲ್ಲದೆ ಎಎಸ್‌ಐನ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಪದರಗಳ ನಕ್ಷೆ, ಮಡಕೆಗಳ ಚಿತ್ರ ಎಲ್ಲ ಅದರಲ್ಲಿತ್ತು. ಹಾಗಾಗಿ ಮುಂದಿನವರು ಆ ನಕ್ಷೆಗಳನ್ನು ಮುಂದಿಟ್ಟುಕೊಂಡೇ ಅವರನ್ನು ತಿದ್ದಿದರು. ರಾಮಕೃಷ್ಣ ಅವರ ಕ್ರಿ.ಪೂ. 8ನೇ ಶತಮಾನ ತಪ್ಪೇ ಇರಬಹುದು. ಅದು ತಪ್ಪು ಎಂದು ತೋರಿಸಲು ಕೂಡ ಅವರ 982 ಪುಟ ಎಲ್ಲರ ಕೈಗೆ ಬರಬೇಕು.

ಮುಂದೆ ಏನಾಗಬಹುದು

ಈ ಜಗಳ ಹೀಗೇ ಬೆಳೆದರೆ ಮೊದಲ ಹೊಡೆತ ಬೀಳುವುದು ಎಎಸ್‌ಐ ಅಧಿಕಾರಿಗಳಿಗೆ. ಸೂಕ್ಷ್ಮ ಎನಿಸುವ ನೆಲೆಯಲ್ಲಿ ಅಗೆದರೆ ವರ್ಗಾವಣೆ ಕಾದಿದೆ ಎಂಬ ಭಾವನೆ ಬಂದರೆ ಯಾರು ಮುಂದೆ ಬರುತ್ತಾರೆ? ಎರಡನೆಯದು, ರಾಜ್ಯಗಳು ಎಎಸ್‌ಐಗೆ ಕಾಯದೆ ತಾವೇ ಅಗೆದು, ತಾವೇ ವರದಿ ಬರೆದು, ತಾವೇ ಪ್ರದರ್ಶನ ಮಾಡುವ ದಾರಿ ಹಿಡಿಯುತ್ತವೆ. ತಮಿಳುನಾಡು ತಿರುನೆಲ್ವೇಲಿಯಲ್ಲಿ ಪೊರುನೈ ಮ್ಯೂಸಿಯಂ ಕಟ್ಟಿ ಆ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿದೆ. ದುಡ್ಡು, ಉತ್ಸಾಹ ಎರಡೂ ಹೆಚ್ಚಾಗುವುದು ಒಳ್ಳೆಯದೇ. ಆದರೆ ಅಗೆಯುವವರು, ಪರಿಶೀಲಿಸುವವರು, ತೋರಿಸುವವರು ಮೂವರೂ ಒಂದೇ ಇಲಾಖೆಯವರಾದರೆ ತಪ್ಪು ಹಿಡಿಯುವವರು ಯಾರೂ ಉಳಿಯುವುದಿಲ್ಲ.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. ಕನ್ನಡದ ಹಳೆಯ ಶಾಸನ ಹಲ್ಮಿಡಿಯದೋ, ತಾಳಗುಂದದ ಸಿಂಹ ಕಟಾಂಜನದ ಶಾಸನವೋ ಎಂಬ ಚರ್ಚೆ ನಮ್ಮಲ್ಲೂ ಇದೆ. ತಾಳಗುಂದದ್ದು ಸಿಕ್ಕಿದ್ದು ಎಎಸ್‌ಐ ಅಗೆತದಲ್ಲಿ. ಅದು ಕ್ರಿ.ಶ. 370ರದ್ದು ಎಂದು ಕೆಲವರ ಅಭಿಪ್ರಾಯ. ನಮ್ಮ ಮ್ಯೂಸಿಯಂಗಳ ಫಲಕಗಳಲ್ಲೂ ಹೆಮ್ಮೆ ಮತ್ತು ಸಾಕ್ಷಿ ಎರಡರಲ್ಲಿ ಯಾವುದು ಮೊದಲು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಕೀಳಡಿಯ ವಿಷಯದಲ್ಲಿ ಉತ್ತರ ಇನ್ನೂ ನೆಲದಲ್ಲೇ ಇದೆ. ಆ ದಿಬ್ಬ ಸುಮಾರು 110 ಎಕರೆ ಹರಡಿದೆ, ಬಹುಪಾಲು ತೆಂಗಿನ ತೋಟ. ಅಗೆದಿರುವುದು ಅದರಲ್ಲಿ ಸಣ್ಣ ಭಾಗ. ಉಳಿದದ್ದನ್ನು ಅಗೆಯುವಾಗ ಎಎಸ್‌ಐ ಮತ್ತು ರಾಜ್ಯ ಇಲಾಖೆಯ ತಂಡಗಳು ಒಟ್ಟಿಗೆ ಇರಬಹುದು. ಅಕ್ಷರವಿರುವ ಚೂರು ಸಿಕ್ಕ ಪದರದಿಂದಲೇ ಮರದ ಇದ್ದಲಿನ ಬದಲು ಕಾಳು, ಬೀಜ ತೆಗೆದು, ಒಂದೇ ಮಾದರಿಯನ್ನು ಎರಡು ಪ್ರಯೋಗಾಲಯಗಳಿಗೆ ಕಳಿಸಬಹುದು. ಅದಕ್ಕೆ ಬೇಕಾದ ತಂತ್ರಜ್ಞಾನ ನಮ್ಮ ದೇಶದಲ್ಲೇ ಇದೆ. ದಿಲ್ಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ನಲ್ಲಿ ಇಂಥ ಪರೀಕ್ಷೆ ನಡೆಯುತ್ತದೆ. ಮುಂದಿನ ಹಂತದ ಅಗೆತಕ್ಕೆ ಅನುಮತಿ ಕೊಡುವಾಗಲೇ ಈ ಷರತ್ತು ಹಾಕಬಹುದು. ಇಂತಿಷ್ಟು ತಿಂಗಳಲ್ಲಿ ವರದಿ ಅಚ್ಚಾಗಲೇಬೇಕು ಎಂಬ ಗಡುವನ್ನೂ ಅದರಲ್ಲೇ ಸೇರಿಸಬಹುದು.